ಕೊಳೆ ಕಳೆಯುವ ನಾಲ್ವರು

ಮಾನ್ಯ ಸಭಿಕರೆ,

ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸವನ್ನು ಪರಿಸರಕ್ಕೆ ಹೊರೆಯಾಗದಂತೆ ಮಾಡುವುದು ಹೇಗೆ ಎಂದು ಮಾತನಾಡಲು ನಿಂತವರಿಗೆ ಮೊದಲು ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಆಗಿರುತ್ತದೆ. ಯಾವ ಪುಡಿ ತರಬೇಕು, ಯಾವ ಮೆಷಿನ್ ತರಬೇಕು ಎಂದು ಕೇಳುತ್ತಾರೆ. ಆ ಪ್ರಶ್ನೆ ತಪ್ಪೇನಲ್ಲ. ಆದರೆ ಕೊಳೆ ಬಟ್ಟೆಯನ್ನು ಬಿಟ್ಟು ನೀರಿಗೆ ಇಳಿಯುವಾಗ ಏನು ನಡೆಯುತ್ತದೆ ಎಂಬುದು ತಿಳಿಯದೆ ಕೊಟ್ಟ ಉತ್ತರ ಜಾಹೀರಾತಿನ ಮಾತಿಗಿಂತ ಹೆಚ್ಚಿನದಾಗುವುದಿಲ್ಲ. ಆದ್ದರಿಂದ ಅಂಗಡಿಯ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಬಕೆಟ್ಟಿನ ಒಳಗಿನಿಂದಲೇ ಆರಂಭಿಸುತ್ತೇನೆ.

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್ ಅವರು 1959ರಲ್ಲಿ ಒಗೆಯುವ ಕೆಲಸವನ್ನು ಒಂದು ವೃತ್ತದ ಮೂಲಕ ವಿವರಿಸಿದರು. ಕೊಳೆಯನ್ನು ತೆಗೆಯಲು ನಾಲ್ಕು ಶಕ್ತಿಗಳು ಕೂಡಿ ದುಡಿಯುತ್ತವೆ: ಸೋಪು ಮೊದಲಾದ ರಾಸಾಯನಿಕಗಳು, ನೀರಿನ ಬಿಸಿ, ಉಜ್ಜುವ ಅಥವಾ ತಿರುಗಿಸುವ ಬಲ, ಮತ್ತು ಇವೆಲ್ಲಕ್ಕೂ ನಾವು ಕೊಡುವ ಹೊತ್ತು. ನೀರು ಈ ನಾಲ್ಕನ್ನೂ ಬಟ್ಟೆಯ ಎಳೆಗಳ ತನಕ ಹೊತ್ತೊಯ್ಯುವ ವಾಹನ. ವೃತ್ತದಲ್ಲಿ ಒಂದು ಪಾಲನ್ನು ಕಿರಿದು ಮಾಡಿದರೆ ಉಳಿದವುಗಳಲ್ಲಿ ಯಾವುದಾದರೂ ಒಂದು ಹಿರಿದಾಗಲೇಬೇಕು, ಇಲ್ಲದಿದ್ದರೆ ಕೊಳೆ ಹೋಗುವುದಿಲ್ಲ. ತಣ್ಣೀರಿನಲ್ಲಿ ಒಗೆದರೆ ಹೆಚ್ಚು ಉಜ್ಜಬೇಕು ಅಥವಾ ಹೆಚ್ಚು ಹೊತ್ತು ನೆನೆಸಬೇಕು ಎಂಬುದು ಬಟ್ಟೆ ಒಗೆದ ಯಾರಿಗೂ ಹೊಸ ವಿಷಯವಲ್ಲ. ಸಿನ್ನರ್ ಅವರ ವೃತ್ತ ಆ ಅನುಭವಕ್ಕೆ ಲೆಕ್ಕದ ರೂಪವನ್ನು ಕೊಟ್ಟಿತು, ಅಷ್ಟೆ.

ಈ ನಾಲ್ವರಲ್ಲಿ ಪ್ರತಿಯೊಬ್ಬರೂ ಕೇಳುವ ಕೂಲಿ ಬೇರೆ ಬೇರೆ. ಬಿಸಿಗೆ ಇಂಧನ ಬೇಕು. ರಾಸಾಯನಿಕ ಕೊನೆಗೆ ಚರಂಡಿಯ ಮೂಲಕ ಯಾವುದೋ ಕೆರೆಯನ್ನೋ ಹೊಳೆಯನ್ನೋ ಸೇರುತ್ತದೆ. ಉಜ್ಜುವ ಬಲ ಬಟ್ಟೆಯನ್ನೇ ಸವೆಸುತ್ತದೆ. ಹೊತ್ತು ಮಾತ್ರ ಪ್ರಕೃತಿಯಿಂದ ಹೆಚ್ಚೇನನ್ನೂ ಕೇಳುವುದಿಲ್ಲ. ಅದು ಕೇಳುವುದು ನಮ್ಮ ತಾಳ್ಮೆಯನ್ನು. ಪರಿಸರಸ್ನೇಹಿ ಒಗೆತವೆಂದರೆ ಮೊದಲ ಮೂವರ ಕೆಲಸವನ್ನು ಆದಷ್ಟು ಮಟ್ಟಿಗೆ ಹೊತ್ತಿಗೆ ವಹಿಸಿಕೊಡುವುದು ಎಂಬುದೇ ನನ್ನ ಈ ಉಪನ್ಯಾಸದ ವಾದ. ಈ ವಾದಕ್ಕೆ ಒಂದು ತೊಡಕೂ ಇದೆ. ಅದನ್ನು ಮರೆಮಾಚದೆ ಮುಂದೆ ಹೇಳುತ್ತೇನೆ.

ಮೊದಲು ಬಿಸಿಯನ್ನು ನೋಡೋಣ, ಏಕೆಂದರೆ ಲೆಕ್ಕ ಸುಲಭ. ಮುಂಬಾಗಿಲಿನ (ಫ್ರಂಟ್ ಲೋಡ್) ವಾಷಿಂಗ್ ಮೆಷಿನ್ ಒಗೆಯುವ ಹಂತಕ್ಕೆ ಸುಮಾರು 15 ಲೀಟರ್ ನೀರನ್ನು ಕಾಯಿಸುತ್ತದೆ ಎಂದಿಟ್ಟುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಆ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ವಿದ್ಯುತ್ ಬೇಕು. 40 ಡಿಗ್ರಿಗೆ ನಿಲ್ಲಿಸಿದರೆ ಅದರ ಅರ್ಧ, 30 ಡಿಗ್ರಿಗೆ ನಿಲ್ಲಿಸಿದರೆ ಕಾಲು ಭಾಗ ಸಾಕು. ಇದರಲ್ಲಿ ಯಾವ ಕಂಪನಿಯ ಜಾಣ್ಮೆಯೂ ಇಲ್ಲ. ಇದು ನೀರಿನ ಸ್ವಭಾವ. ಡ್ರಮ್ಮನ್ನು ತಿರುಗಿಸುವ ಮೋಟಾರು ಇದಕ್ಕೆ ಹೋಲಿಸಿದರೆ ಸ್ವಲ್ಪವೇ ವಿದ್ಯುತ್ ಬಳಸುತ್ತದೆ. ಹಾಗಾಗಿ ಮೆಷಿನ್ ಎಷ್ಟು ಹೊತ್ತು ಓಡಿತು ಎನ್ನುವುದಕ್ಕಿಂತ ನೀರನ್ನು ಎಷ್ಟು ಕಾಯಿಸಿತು ಎನ್ನುವುದೇ ವಿದ್ಯುತ್ ಖರ್ಚನ್ನು ನಿರ್ಧರಿಸುತ್ತದೆ. ‘ಇಕೋ’ ಎಂದು ಬರೆದಿರುವ ಕಾರ್ಯಕ್ರಮ ಮೂರು ಗಂಟೆಗೂ ಹೆಚ್ಚು ಹೊತ್ತು ಓಡುವುದನ್ನು ಕಂಡು, ಇದು ವಿದ್ಯುತ್ ಉಳಿಸುವುದೆಂದು ಯಾರು ನಂಬುತ್ತಾರೆ ಎಂದು ಅನೇಕರು ಅದನ್ನು ಮುಟ್ಟುವುದೇ ಇಲ್ಲ. ಅದು ಮಾಡುವುದು ಸಿನ್ನರ್ ಅವರ ವೃತ್ತದ ಅದಲುಬದಲನ್ನೇ: ಬಿಸಿಯನ್ನು ತಗ್ಗಿಸಿ ಹೊತ್ತನ್ನು ಹಿಗ್ಗಿಸುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಬಿಸಿ ನೀರಿನಲ್ಲಿ ಬೇಗ ಮುಗಿಸುವ ಕಾರ್ಯಕ್ರಮಗಳು ಹೊತ್ತನ್ನು ಉಳಿಸಿ ಇಂಧನವನ್ನು ಸುರಿಯುತ್ತವೆ.

ಹಾಗೆಂದು ಬಿಸಿನೀರನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಮನೆಯಲ್ಲಿ ಸೋಂಕಿನ ಕಾಯಿಲೆ ಇದ್ದವರ ಹಾಸಿಗೆ ಹೊದಿಕೆಗಳು, ಮಗುವಿನ ಲಂಗೋಟಿಗಳು, ಅಡುಗೆಮನೆಯ ಒರೆಸುವ ಬಟ್ಟೆಗಳು, ಧೂಳಿನ ನುಸಿಯಿಂದ ಅಲರ್ಜಿಯಾಗುವವರ ದಿಂಬಿನ ಕವರುಗಳು 60 ಡಿಗ್ರಿಯ ನೀರನ್ನು ಕೇಳುತ್ತವೆ. ನುಸಿಗಳು ಸಾಯುವುದು ಆ ಬಿಸಿಯಲ್ಲಿ. ಉಳಿದಂತೆ ದಿನನಿತ್ಯ ಉಟ್ಟು ಬಿಚ್ಚಿದ ಬಟ್ಟೆಗಳಲ್ಲಿ ಇರುವುದು ಬೆವರು, ಮೈಯ ಜಿಡ್ಡು, ಧೂಳು. ಇವುಗಳಿಗೆ 30 ಡಿಗ್ರಿ ಧಾರಾಳವಾಯಿತು.

ತಣ್ಣೀರನ್ನೇ ನೆಚ್ಚಿಕೊಂಡವರು ತಿಳಿದಿರಬೇಕಾದ ಇನ್ನೊಂದು ಸಂಗತಿಯನ್ನು ನಾನು ಕಲಿತದ್ದು ನನ್ನದೇ ಮೆಷಿನ್ನಿನಿಂದ. ಕೆಲವು ವರ್ಷ ಬರೀ ತಣ್ಣೀರಿನಲ್ಲಿ, ಅದೂ ದ್ರವರೂಪದ ಡಿಟರ್ಜೆಂಟಿನಲ್ಲಿ ಒಗೆದು, ಪ್ರತಿಸಲವೂ ಬಾಗಿಲನ್ನು ಅಚ್ಚುಕಟ್ಟಾಗಿ ಮುಚ್ಚಿಟ್ಟ ಮೇಲೆ ಒಗೆದ ಬಟ್ಟೆಗಳೇ ಮುಗ್ಗಲು ವಾಸನೆ ಸೂಸತೊಡಗಿದವು. ನಾನು ಡಿಟರ್ಜೆಂಟನ್ನು ದೂರಿದೆ, ನೀರನ್ನು ದೂರಿದೆ. ಕೊನೆಗೊಂದು ದಿನ ಬಾಗಿಲಿನ ರಬ್ಬರ್ ಮಡಿಕೆಯನ್ನು ಬಿಡಿಸಿ ನೋಡಿದಾಗ ಕಂಡದ್ದು ಕಪ್ಪು ಲೋಳೆ. ಕರಗದ ಸೋಪು, ಮೈಯ ಜಿಡ್ಡು ಮತ್ತು ತೇವ ಸೇರಿದ ಕಡೆಯಲ್ಲಿ ಬ್ಯಾಕ್ಟೀರಿಯಾಗಳು ಒಕ್ಕಲಾಗಿ ನೆಲೆಸುತ್ತವೆ. ಸರಿಯಾಗಿ ಒಣಗದ ಬಟ್ಟೆಯ ಆ ಹುಳಿ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೋಎನ್ಸಿಸ್ ಎಂಬ ಬ್ಯಾಕ್ಟೀರಿಯಾ ಬಿಡುಗಡೆ ಮಾಡುವ ಒಂದು ಆಮ್ಲ ಮುಖ್ಯ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಪರಿಹಾರ ದೊಡ್ಡದೇನಲ್ಲ. ತಿಂಗಳಿಗೊಮ್ಮೆ 60 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯಲ್ಲಿ, ಆಮ್ಲಜನಕ ಆಧಾರಿತ ಬ್ಲೀಚ್ ಇರುವ ಪುಡಿಯನ್ನು ಹಾಕಿ ಒಂದು ಸುತ್ತು ಓಡಿಸುವುದು, ಕೆಲಸ ಮುಗಿದ ಮೇಲೆ ಬಾಗಿಲನ್ನೂ ಪುಡಿ ಹಾಕುವ ಖಾನೆಯನ್ನೂ ತೆರೆದಿಡುವುದು, ರಬ್ಬರಿನ ಮಡಿಕೆಯನ್ನು ಒರೆಸುವುದು. ಆ ಒಂದು ಸುತ್ತಿನ ವಿದ್ಯುತ್ತು ಉಳಿದ ಇಡೀ ತಿಂಗಳ ತಣ್ಣೀರಿನ ಉಳಿತಾಯಕ್ಕೆ ನಾವು ಕಟ್ಟುವ ಸಣ್ಣ ತೆರಿಗೆ.

ಇನ್ನು ರಾಸಾಯನಿಕದ ಪಾಲು. ಡಿಟರ್ಜೆಂಟಿನ ಮುಖ್ಯ ಅಣುವಿಗೆ ಎರಡು ತುದಿಗಳಿರುತ್ತವೆ. ಒಂದು ನೀರಿನ ಕಡೆಗೆ, ಇನ್ನೊಂದು ಜಿಡ್ಡಿನ ಕಡೆಗೆ ಒಲಿಯುತ್ತದೆ. ಇಂಥ ಅಣುಗಳು ಜಿಡ್ಡಿನ ಕಣವನ್ನು ಸುತ್ತುವರಿದು ಬಟ್ಟೆಯಿಂದ ಎಬ್ಬಿಸಿ ನೀರಿನಲ್ಲಿ ತೇಲಿಸುತ್ತವೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಈ ಕೆಲಸವನ್ನು ಕೆಡಿಸುವುದರಿಂದ, ಅವನ್ನು ಹಿಡಿದಿಡುವ ಇನ್ನೊಂದು ವಸ್ತು ಬೇಕಾಗುತ್ತದೆ. ದಶಕಗಳ ಕಾಲ ಆ ಕೆಲಸ ಮಾಡಿದ್ದು ಫಾಸ್ಫೇಟ್. ಅದು ಬಟ್ಟೆಗೆ ಒಳ್ಳೆಯದನ್ನೇ ಮಾಡಿತು, ಆದರೆ ಕೆರೆಗಳಿಗೆ ಗೊಬ್ಬರವಾಯಿತು: ಪಾಚಿ ಮಿತಿಮೀರಿ ಬೆಳೆದು, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿ, ಮೀನುಗಳು ಉಸಿರುಗಟ್ಟಿ ಸತ್ತವು. ಅನೇಕ ದೇಶಗಳು ಅದನ್ನು ನಿರ್ಬಂಧಿಸಿವೆ. ಯುರೋಪಿಯನ್ ಒಕ್ಕೂಟದ ಮಿತಿ ಮನೆಬಳಕೆಯ ಬಟ್ಟೆ ಡಿಟರ್ಜೆಂಟುಗಳಿಗೆ 2013ರಲ್ಲಿ ಜಾರಿಗೆ ಬಂದಿತು. ಈಗ ಆ ಜಾಗದಲ್ಲಿ ಜಿಯೊಲೈಟ್ ಎಂಬ ಖನಿಜ, ಸಿಟ್ರೇಟ್ ಮುಂತಾದವು ಬಂದಿವೆ. ಪೊಟ್ಟಣದ ಮೇಲೆ ‘ಫಾಸ್ಫೇಟ್ ಇಲ್ಲ’ ಎಂದು ಬರೆದಿದೆಯೇ ಎಂದು ನೋಡುವುದು, ‘ಹಸಿರು’, ‘ಸಹಜ’ ಎಂಬ ಮಾತುಗಳನ್ನು ನೋಡುವುದಕ್ಕಿಂತ ಹೆಚ್ಚು ಪ್ರಯೋಜನಕರ.

ಬಿಸಿಯ ಕೆಲಸವನ್ನು ಹೊತ್ತಿಗೆ ವಹಿಸಬಹುದಾದದ್ದು ಕಿಣ್ವಗಳ (ಎನ್‌ಜೈಮ್‌ಗಳ) ದೆಸೆಯಿಂದ. 1913ರಲ್ಲಿಯೇ ಜರ್ಮನಿಯ ರಸಾಯನ ತಜ್ಞ ಒಟ್ಟೋ ರೋಮ್ ಅವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ಬಟ್ಟೆ ಒಗೆಯಲು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಸೋಪಿನ ಕ್ಷಾರದಲ್ಲಿ ಅವು ಹೆಚ್ಚು ಕಾಲ ಬಾಳುತ್ತಿರಲಿಲ್ಲ. 1960ರ ದಶಕದಲ್ಲಿ ಬ್ಯಾಕ್ಟೀರಿಯಾಗಳಿಂದ ಪಡೆದ, ಕ್ಷಾರವನ್ನು ತಾಳಬಲ್ಲ ಕಿಣ್ವಗಳು ಬಂದ ಮೇಲೆ ಚಿತ್ರ ಬದಲಾಯಿತು. ಪ್ರೋಟಿಯೇಸ್ ರಕ್ತ, ಹಾಲು, ಬೆವರಿನಂಥ ಪ್ರೋಟೀನ್ ಕಲೆಗಳನ್ನು ಕತ್ತರಿಸುತ್ತದೆ. ಅಮೈಲೇಸ್ ಗಂಜಿಯನ್ನು, ಲೈಪೇಸ್ ಕೊಬ್ಬನ್ನು ಒಡೆಯುತ್ತದೆ. ಸೆಲ್ಯುಲೇಸ್ ಹತ್ತಿ ಬಟ್ಟೆಯ ಮೇಲೆದ್ದ ಜುಂಗನ್ನು ಕತ್ತರಿಸಿ ಬಣ್ಣವನ್ನು ಮತ್ತೆ ಮೇಲೆ ತರುತ್ತದೆ. ಇವೆಲ್ಲ ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ದುಡಿಯುತ್ತವೆ, ಆದರೆ ಕತ್ತರಿಸಲು ಅವಕ್ಕೆ ಬಿಡುವು ಬೇಕು. ಕಿಣ್ವವಿರುವ ಪುಡಿಯಲ್ಲಿ ಒಂದು ಗಂಟೆ ಸುಮ್ಮನೆ ನೆನೆಯಲು ಬಿಟ್ಟ ಕಾಲರು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಉಜ್ಜಿಸಿಕೊಂಡ ಕಾಲರಿಗಿಂತ ಶುಭ್ರವಾಗಿ ಬರುವುದು ಈ ಕಾರಣಕ್ಕೆ. ರಕ್ತದ ಕಲೆಗೆ ಬಿಸಿನೀರು ಹಾಕಬಾರದೆಂದು ಹಿರಿಯರು ಹೇಳುತ್ತಿದ್ದುದಕ್ಕೂ ಕಾರಣವಿದೆ: ಬಿಸಿಗೆ ಪ್ರೋಟೀನ್ ಹೆಪ್ಪುಗಟ್ಟಿ ಎಳೆಗೆ ಅಂಟಿಕೊಳ್ಳುತ್ತದೆ. ಉಣ್ಣೆ ಮತ್ತು ರೇಷ್ಮೆ ಸ್ವತಃ ಪ್ರೋಟೀನುಗಳಾಗಿರುವುದರಿಂದ ಪ್ರೋಟಿಯೇಸ್ ಅವುಗಳನ್ನೂ ಮೇಯುತ್ತದೆ. ಅವಕ್ಕೆ ಕಿಣ್ವವಿಲ್ಲದ, ಕ್ಷಾರವಿಲ್ಲದ ದ್ರವವೇ ಬೇಕು.

ಪುಡಿ ಎಷ್ಟು ಹಾಕಬೇಕು ಎಂಬ ವಿಷಯದಲ್ಲಿ ನಮ್ಮ ಕೈ ಯಾವಾಗಲೂ ಧಾರಾಳ. ನೊರೆಯೇ ಶುಚಿತ್ವದ ಗುರುತು ಎಂಬ ನಂಬಿಕೆ ಅದಕ್ಕೆ ಕಾರಣ. ನೊರೆ ಹೆಚ್ಚಾದರೆ ಮೆಷಿನ್ನಿನಲ್ಲಿ ಬಟ್ಟೆಗಳು ಮೇಲಿಂದ ಕೆಳಗೆ ಬೀಳುವ ಪೆಟ್ಟು ಮೆತ್ತಗಾಗಿ ಕೊಳೆ ಕಡಿಮೆ ಹೋಗುತ್ತದೆ. ಜಾಲಿಸಲು ಹೆಚ್ಚು ನೀರು ಬೇಕಾಗುತ್ತದೆ. ಉಳಿದ ಸೋಪು ಬಟ್ಟೆಯನ್ನು ಬಿರುಸಾಗಿಸಿ, ಮತ್ತೆ ಕೊಳೆಯನ್ನೇ ಹಿಡಿದಿಡುತ್ತದೆ. ನಿಮ್ಮ ನೀರು ಮೆದುವೋ ಗಡಸೋ ಎಂದು ತಿಳಿದುಕೊಂಡು ಪೊಟ್ಟಣದ ಮೇಲಿನ ಅಳತೆಯನ್ನು ಪಾಲಿಸಿದರೆ ಸಾಕು. ಮೆದು ನೀರಾಗಿದ್ದರೆ, ಕೊಳೆಯೂ ಹೆಚ್ಚಿರದಿದ್ದರೆ, ಅದಕ್ಕಿಂತ ಕಡಿಮೆಯೂ ನಡೆಯುತ್ತದೆ.

ಬಿಳುಪಿನ ಮಾತಿಗೆ ಬಂದರೆ, ಕ್ಲೋರಿನ್ ಬ್ಲೀಚಿಗಿಂತ ಸೋಡಿಯಂ ಪರ್ಕಾರ್ಬೊನೇಟ್ ಎಂಬ ಪುಡಿ ಮೇಲು. ನೀರಿಗೆ ಬಿದ್ದೊಡನೆ ಅದು ಹೈಡ್ರೋಜನ್ ಪೆರಾಕ್ಸೈಡನ್ನು ಬಿಡುತ್ತದೆ. ಕೆಲಸ ಮುಗಿದ ಮೇಲೆ ಉಳಿಯುವುದು ನೀರು, ಆಮ್ಲಜನಕ ಮತ್ತು ಸೋಡಾ ಮಾತ್ರ. ಚಹಾ, ಕಾಫಿ, ಹಣ್ಣಿನ ರಸದ ಕಲೆಗಳಿಗೆ ಇದು ಹೇಳಿಮಾಡಿಸಿದ್ದು. ಆದರೆ ಚುರುಕಾಗಿ ದುಡಿಯಲು ಇದಕ್ಕೆ 40 ಡಿಗ್ರಿಯಾದರೂ ಬೇಕು. ತಣ್ಣೀರಿನಲ್ಲಾದರೆ ರಾತ್ರಿಯಿಡೀ ನೆನೆಸಬೇಕು. ಮತ್ತೆ ಅದೇ ಅದಲುಬದಲು. ಕ್ಲೋರಿನ್ ಬ್ಲೀಚನ್ನು ಬಳಸುವವರು ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಅದಕ್ಕೆ ವಿನೆಗರಿನಂಥ ಆಮ್ಲ ತಗುಲಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ತಗುಲಿದರೂ ವಿಷಾನಿಲವೇ.

‘ಮನೆಮದ್ದು’ಗಳ ಬಗೆಗೆ ನನ್ನ ಅಭಿಪ್ರಾಯ ಕೆಲವರಿಗೆ ರುಚಿಸಲಿಕ್ಕಿಲ್ಲ. ಅಡುಗೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದು ಬುಸುಗುಟ್ಟುವುದನ್ನು ನೋಡಿ ಸಂತೋಷಪಡುವ ಪದ್ಧತಿಯೊಂದು ಎಲ್ಲೆಲ್ಲೂ ಹಬ್ಬಿದೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ಕಳೆದುಕೊಂಡು ಉಳಿಯುವುದು ನೀರು ಮತ್ತು ಒಂದು ಬಗೆಯ ಉಪ್ಪು. ಬುಸುಗುಟ್ಟುವುದು ಅವುಗಳ ಶಕ್ತಿ ಹೊರಟುಹೋಗುವ ಸದ್ದು. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಅವುಗಳದೇ ಉಪಯೋಗವಿದೆ: ಸೋಡಾ ವಾಸನೆಯನ್ನು ತಗ್ಗಿಸುತ್ತದೆ, ಕೊನೆಯ ಜಾಲಿಕೆಯ ನೀರಿಗೆ ಬೆರೆಸಿದ ಸ್ವಲ್ಪ ವಿನೆಗರು ಗಡಸು ನೀರಿನ ಸುಣ್ಣವನ್ನು ಕರಗಿಸಿ ಟವೆಲನ್ನು ಮೆದುವಾಗಿಸುತ್ತದೆ. ಪದೇ ಪದೇ ಬಳಸಿದರೆ ಮೆಷಿನ್ನಿನ ರಬ್ಬರಿಗೆ ಹಾನಿಯಾಗಬಹುದು ಎಂಬುದನ್ನು ನೆನಪಿಡಿ. ಅಷ್ಟಾದರೂ ಫ್ಯಾಬ್ರಿಕ್ ಸಾಫ್ಟ್‌ನರಿಗಿಂತ ವಿನೆಗರೇ ವಾಸಿ. ಸಾಫ್ಟ್‌ನರ್ ಎಳೆಗಳ ಮೇಲೆ ಜಿಡ್ಡಿನಂಥ ಪದರವನ್ನು ಹಾಸಿ ಟವೆಲು ನೀರು ಹೀರುವ ಗುಣವನ್ನೇ ಕುಂದಿಸುತ್ತದೆ.

ಅಂಟುವಾಳಕಾಯಿಯ ಬಗ್ಗೆಯೂ ಒಂದು ಮಾತು. ಅದರ ಸಿಪ್ಪೆಯಲ್ಲಿರುವ ಸಪೋನಿನ್ ನಿಜವಾಗಿಯೂ ನೊರೆ ಬರಿಸುತ್ತದೆ, ಕ್ಷಾರವಿಲ್ಲದ ಕಾರಣ ರೇಷ್ಮೆಗೂ ಉಣ್ಣೆಗೂ ಹಿತವಾಗಿದೆ. ಹೆಚ್ಚು ಕೊಳೆಯಾಗದ ಬಟ್ಟೆಗಳಿಗೆ ಅದು ಸಾಕಾಗುತ್ತದೆ. ಎಣ್ಣೆ ಕುಡಿದ ಕಾಲರಿಗೆ, ಗಡಸು ನೀರಿಗೆ ಸಾಲದು. ಗಿಡದಿಂದ ಬಂದದ್ದಾದ್ದರಿಂದ ನಿರಪಾಯ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಪೋನಿನ್ ಇರುವ ಗಿಡಗಳನ್ನು ಜಗತ್ತಿನ ಹಲವೆಡೆ ಮೀನು ಹಿಡಿಯಲು ನೀರಿಗೆ ಕದಡುವ ವಿಷವಾಗಿಯೇ ಬಳಸುತ್ತಿದ್ದರು. ಅದು ಬೇಗ ಕೊಳೆತು ಮಣ್ಣಾಗುತ್ತದೆ ಎಂಬುದೇ ಅದರ ಹಿರಿಮೆ. ಪರಿಸರಕ್ಕೆ ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದು ಹುಟ್ಟಿದ ಜಾಗವನ್ನಲ್ಲ, ಸೇರುವ ಜಾಗವನ್ನು ನೋಡಿ ತೀರ್ಮಾನಿಸಬೇಕು.

ಮೂರನೆಯ ಪಾಲುದಾರ, ಅಂದರೆ ತಿರುಗಿಸುವ ಬಲ, ನಾನು ಆಗಲೇ ಹೇಳಿದ ತೊಡಕನ್ನು ತಂದಿಡುವುದು ಇಲ್ಲಿ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಎಲ್ಲವೂ ಪ್ಲಾಸ್ಟಿಕ್ಕಿನ ನೂಲುಗಳೇ. ನೀರಿನಲ್ಲಿ ಉಜ್ಜಾಡಿದಾಗ ಅವುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಮುರಿದು ಚರಂಡಿಗೆ ಹೋಗುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ಹೊರಬೀಳಬಹುದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 2017ರ ವರದಿ, ಕಡಲಿಗೆ ನೇರವಾಗಿ ಸಣ್ಣ ಕಣಗಳ ರೂಪದಲ್ಲೇ ಸೇರುವ ಪ್ಲಾಸ್ಟಿಕ್ಕಿನಲ್ಲಿ ಸುಮಾರು 35 ಶೇಕಡ ಸಂಶ್ಲೇಷಿತ ಬಟ್ಟೆಗಳ ಒಗೆತದಿಂದ ಬಂದದ್ದೆಂದು ಅಂದಾಜು ಮಾಡಿತು. ಕೊಳಚೆ ನೀರು ಶುದ್ಧೀಕರಣ ಘಟಕಗಳು ಎಳೆಗಳಲ್ಲಿ ಬಹುಪಾಲನ್ನು ಹಿಡಿಯುತ್ತವೆ ಎಂಬುದು ನಿಜ. ಆದರೆ ಹಿಡಿದದ್ದು ಉಳಿಯುವುದು ಕೆಸರಿನಲ್ಲಿ, ಆ ಕೆಸರನ್ನು ಅನೇಕ ಕಡೆ ಹೊಲಗಳಿಗೆ ಗೊಬ್ಬರವಾಗಿ ಹಾಕುತ್ತಾರೆ.

ಹೊತ್ತು ಹೆಚ್ಚಾದಷ್ಟೂ ಒಳ್ಳೆಯದು ಎಂಬ ನನ್ನ ವಾದ ಇಲ್ಲಿ ಎಡವುತ್ತದೆ. ಹೆಚ್ಚು ಹೊತ್ತು ತಿರುಗಿದಷ್ಟೂ ಎಳೆಗಳು ಹೆಚ್ಚು ಉದುರುತ್ತವೆ. ತಣ್ಣೀರಿನ ಚಿಕ್ಕ ಸುತ್ತುಗಳು ಬೆಚ್ಚನೆಯ ದೀರ್ಘ ಸುತ್ತುಗಳಿಗಿಂತ ಕಡಿಮೆ ಎಳೆ ಉದುರಿಸುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ ‘ನಾಜೂಕು ಬಟ್ಟೆ’ಗಳ ಕಾರ್ಯಕ್ರಮವೇ ಸಾಮಾನ್ಯ ಕಾರ್ಯಕ್ರಮಕ್ಕಿಂತ ಹೆಚ್ಚು ಎಳೆಗಳನ್ನು ಉದುರಿಸಿತು. ಬಟ್ಟೆಗೆ ಹೋಲಿಸಿದರೆ ನೀರು ಹೆಚ್ಚಿದ್ದುದು ಅದಕ್ಕೆ ಕಾರಣ: ನೀರಿನ ಹರಿವೇ ಸಡಿಲವಾದ ಎಳೆಗಳನ್ನು ಕಿತ್ತು ತರುತ್ತದೆ. ಅರ್ಧ ತುಂಬಿದ ಮೆಷಿನ್ನಿಗೂ ಇದೇ ಮಾತು ಅನ್ವಯಿಸುತ್ತದೆ. ಮೇಲ್ಬಾಗಿಲಿನ, ನಡುವೆ ಕಂಬವಿರುವ ಮೆಷಿನ್ನು ಮುಂಬಾಗಿಲಿನದಕ್ಕಿಂತ ಸುಮಾರು ಏಳು ಪಟ್ಟು ಎಳೆ ಉದುರಿಸಿದ್ದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ ಸಂಶೋಧಕರು ಸಂಶ್ಲೇಷಿತ ಜಾಕೆಟ್ಟುಗಳ ಪ್ರಯೋಗದಲ್ಲಿ ಕಂಡರು.

ಹಾಗಾದರೆ ವಾದವನ್ನು ಕೈಬಿಡಬೇಕೇ? ಬೇಕಿಲ್ಲ, ತಿದ್ದಿದರೆ ಸಾಕು. ಸುಮ್ಮನೆ ನೆನೆಯುವ ಹೊತ್ತು ಬೇರೆ, ತಿರುಗುತ್ತಿರುವ ಹೊತ್ತು ಬೇರೆ. ಹತ್ತಿ ಬಟ್ಟೆಗೆ ದೀರ್ಘವಾದ ಇಕೋ ಕಾರ್ಯಕ್ರಮ ಸೂಕ್ತ. ಪಾಲಿಯೆಸ್ಟರ್, ಫ್ಲೀಸ್ ಬಟ್ಟೆಗಳನ್ನು ಬೇರೆಯಾಗಿಸಿ, ಕಲೆಯಿರುವ ಜಾಗವನ್ನಷ್ಟೇ ಮುಂಚಿತವಾಗಿ ನೆನೆಸಿ, ಮೆಷಿನ್ನನ್ನು ತುಂಬಿಸಿ, ತಣ್ಣೀರಿನ ಚಿಕ್ಕ ಸುತ್ತಿನಲ್ಲಿ ಮುಗಿಸುವುದು ಲೇಸು. ತುಂಬಿಸುವುದೆಂದರೆ ತುರುಕುವುದಲ್ಲ, ಬಟ್ಟೆಗಳ ಮೇಲೆ ಅಂಗೈ ಅಡ್ಡವಾಗಿ ಹೋಗುವಷ್ಟು ಜಾಗ ಉಳಿದಿರಬೇಕು. ಎಳೆಗಳನ್ನು ಹಿಡಿಯುವ ಬಲೆಚೀಲಗಳೂ ಮೆಷಿನ್ನಿನ ನೀರು ಹೊರಹೋಗುವ ಪೈಪಿಗೆ ಜೋಡಿಸುವ ಫಿಲ್ಟರುಗಳೂ ಈಗ ದೊರೆಯುತ್ತವೆ. ಹೊಸ ಮೆಷಿನ್ನುಗಳಲ್ಲಿ ಇಂಥ ಏರ್ಪಾಡು ಇರಬೇಕೆಂದು ಫ್ರಾನ್ಸ್ 2020ರಲ್ಲಿ ಕಾನೂನು ಮಾಡಿತು. ಫಿಲ್ಟರ್ ಹಾಕಿಸಿಕೊಂಡವರು ಅದರಲ್ಲಿ ಸಿಕ್ಕ ಜುಂಗನ್ನು ಕಸದ ಬುಟ್ಟಿಗೆ ಹಾಕಬೇಕು. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅಷ್ಟೂ ಶ್ರಮ ಅದೇ ಚರಂಡಿಗೆ ಹರಿಯುತ್ತದೆ.

ಡ್ರಯರ್, ಅಂದರೆ ಬಟ್ಟೆ ಒಣಗಿಸುವ ಯಂತ್ರ ಬಳಸುವಲ್ಲಿ ಒಗೆಯುವುದಕ್ಕಿಂತ ಒಣಗಿಸುವುದು ದೊಡ್ಡ ಖರ್ಚು ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ. ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 0.68 ಯೂನಿಟ್ ಶಕ್ತಿ ಬೇಕು. ಆರು ಕಿಲೋ ಹತ್ತಿ ಬಟ್ಟೆ ಮೆಷಿನ್ನಿನಲ್ಲಿ ಚೆನ್ನಾಗಿ ಹಿಂಡಿಸಿಕೊಂಡ ಮೇಲೂ ತನ್ನ ತೂಕದ ಅರ್ಧದಷ್ಟು, ಅಂದರೆ ಸುಮಾರು ಮೂರು ಲೀಟರ್ ನೀರನ್ನು ಹಿಡಿದುಕೊಂಡಿರುತ್ತದೆ. ಅದನ್ನು ಓಡಿಸಲು ಎರಡು ಯೂನಿಟ್ ಆಯಿತು. 60 ಡಿಗ್ರಿಯ ಒಗೆತಕ್ಕೆ ನೀರು ಕಾಯಿಸಿದ ಖರ್ಚಿನ ಸುಮಾರು ಮೂರು ಪಟ್ಟು. ಹಿಂಡುವ ವೇಗ ನಿಮಿಷಕ್ಕೆ 1400 ಸುತ್ತಿನ ಬದಲು 800 ಆಗಿದ್ದರೆ ಇನ್ನೂ ಒಂದು ಲೀಟರಿಗಿಂತ ಹೆಚ್ಚು ನೀರು ಉಳಿದಿರುತ್ತದೆ. ನೀರನ್ನು ಆವಿಯಾಗಿಸುವುದಕ್ಕಿಂತ ಹಿಂಡಿ ತೆಗೆಯುವುದು ಬಹಳ ಅಗ್ಗ. ಹಾಗಾಗಿ ಡ್ರಯರ್ ಬಳಸುವವರು ದಪ್ಪ ಹತ್ತಿ ಬಟ್ಟೆಗಳಿಗೆ ಹಿಂಡುವ ವೇಗವನ್ನು ಗರಿಷ್ಠಕ್ಕೆ ಇಡಬೇಕು.

ಬಿಸಿಲು ಮತ್ತು ಗಾಳಿ ಈ ಎರಡು ಯೂನಿಟ್ ಕೆಲಸವನ್ನು ಏನನ್ನೂ ಕೇಳದೆ ಮಾಡುತ್ತವೆ. ಬಿಳಿ ಹತ್ತಿಗೆ ಬಿಸಿಲು ಬ್ಲೀಚೂ ಹೌದು, ಅದರಲ್ಲಿರುವ ನೇರಳಾತೀತ ಕಿರಣಗಳು ಸೂಕ್ಷ್ಮಜೀವಿಗಳನ್ನೂ ತಗ್ಗಿಸುತ್ತವೆ. ಬಣ್ಣದ ಬಟ್ಟೆಗಳನ್ನು ಒಳಹೊರಗು ಮಾಡಿ ನೆರಳಲ್ಲಿ ಒಣಹಾಕಬೇಕು. ತಂತಿಯ ಮೇಲೆ ಹಾಕುವ ಮುನ್ನ ಜೋರಾಗಿ ಕೊಡವಿ, ಹೊಲಿಗೆಗಳನ್ನು ಎಳೆದು ಸರಿಪಡಿಸಿದರೆ ಇಸ್ತ್ರಿಯ ಕೆಲಸ ಅರ್ಧ ಮುಗಿದಂತೆ. ಉಳಿದವುಗಳನ್ನು ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಿದರೆ ಸುಕ್ಕು ಬೇಗ ಬಿಡುತ್ತದೆ. ಮನೆಯೊಳಗೆ ಒಣಹಾಕುವವರು ಆ ಮೂರು ಲೀಟರ್ ನೀರು ಕೋಣೆಯ ಗಾಳಿಗೇ ಸೇರುತ್ತದೆ ಎಂಬುದನ್ನು ಮರೆಯದೆ ಕಿಟಕಿ ತೆರೆದಿಡಬೇಕು. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಡ್ರಯರ್ ಇಲ್ಲದೆ ನಡೆಯದ ಹವಾಮಾನಗಳೂ ಮನೆಗಳೂ ಇವೆ. ಅಂಥ ಕಡೆ ಹೀಟ್ ಪಂಪ್ ತಂತ್ರಜ್ಞಾನದ ಡ್ರಯರ್ ನಿಜವಾದ ಸುಧಾರಣೆ. ಹಳೆಯ ಡ್ರಯರ್ ಗಾಳಿಯನ್ನು ಕಾಯಿಸಿ, ತೇವ ತುಂಬಿದ ಆ ಬಿಸಿಗಾಳಿಯನ್ನು ಹೊರಗೆ ಚೆಲ್ಲುತ್ತದೆ. ಹೀಟ್ ಪಂಪ್ ಡ್ರಯರ್ ಫ್ರಿಜ್ಜಿನ ತತ್ವದಲ್ಲಿ ಆ ಗಾಳಿಯಿಂದ ಬಿಸಿಯನ್ನು ಮರಳಿ ಪಡೆದು, ತೇವವನ್ನು ನೀರಾಗಿ ಇಳಿಸಿ, ಅದೇ ಗಾಳಿಯನ್ನು ಮತ್ತೆ ಬಟ್ಟೆಗಳಿಗೆ ಕಳುಹಿಸುತ್ತದೆ. ವಿದ್ಯುತ್ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಳಿಯ ಬಿಸಿಯೂ ಕಡಿಮೆ ಇರುವುದರಿಂದ ಬಟ್ಟೆ ಬೇಗ ಹಾಳಾಗುವುದಿಲ್ಲ, ಒಣಗಲು ಮಾತ್ರ ಹೆಚ್ಚು ಹೊತ್ತು ಹಿಡಿಯುತ್ತದೆ. ಕೊಳ್ಳುವಾಗ ಅದರೊಳಗಿನ ಶೀತಕ, ಅಂದರೆ ಬಿಸಿಯನ್ನು ಹೊತ್ತೊಯ್ಯುವ ಅನಿಲ ಯಾವುದೆಂದು ಕೇಳಿ. ಹಿಂದೆ ಹೆಚ್ಚಾಗಿ ಬಳಕೆಯಲ್ಲಿದ್ದ ಆರ್-134ಎ ಎಂಬುದು ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡಬಲ್ಲ ಅನಿಲ. ಈಗ ಬರುತ್ತಿರುವ ಆರ್-290 ಎಂದರೆ ಪ್ರೊಪೇನ್, ಅದರ ಹೊರೆ ನಗಣ್ಯ.

ದೊಡ್ಡ ಲಾಂಡ್ರಿಗಳಲ್ಲಿ ಓಝೋನ್ ಅನಿಲವನ್ನು ತಣ್ಣೀರಿಗೆ ಬೆರೆಸಿ ಒಗೆಯುವುದು, ನೈಲಾನ್ ಮಣಿಗಳನ್ನು ನೀರಿನ ಜೊತೆ ತಿರುಗಿಸಿ ಕೊಳೆ ಹೀರಿಸುವುದು, ಡ್ರೈ ಕ್ಲೀನಿಂಗ್‌ನಲ್ಲಿ ಪರ್ಕ್ಲೋರೋಎಥಿಲೀನ್ ಎಂಬ ಅಪಾಯಕಾರಿ ದ್ರಾವಕದ ಬದಲು ದ್ರವರೂಪದ ಕಾರ್ಬನ್ ಡೈಆಕ್ಸೈಡ್ ಅಥವಾ ಬರೀ ನೀರನ್ನೇ ಬಳಸುವುದು ಮೊದಲಾದ ವಿಧಾನಗಳಿವೆ. ಮಣಿಗಳ ವಿಧಾನ ಹುಟ್ಟಿದ್ದು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ. ಇವು ಮನೆಗೆ ಬರುವ ಮಾತು ಸದ್ಯಕ್ಕೆ ದೂರ. ಮನೆಗೆ ಬರಬಲ್ಲ ತಂತ್ರಜ್ಞಾನವೆಂದರೆ ಛಾವಣಿಯ ಸೌರಫಲಕ ಮತ್ತು ಮೆಷಿನ್ನಿನಲ್ಲಿರುವ, ಆರಂಭವನ್ನು ಮುಂದೂಡುವ ಗುಂಡಿ. ಬಿಸಿಲೇರುವ ಹೊತ್ತಿಗೆ ಮೆಷಿನ್ ತಾನಾಗಿ ಶುರುವಾಗುವಂತೆ ಇಟ್ಟರೆ ಒಗೆಯುವುದೂ ಒಣಗಿಸುವುದೂ ಒಂದೇ ಸೂರ್ಯನ ಪಾಲಾಗುತ್ತದೆ.

ಬಳಸಿದ ನೀರನ್ನು ಗಿಡಗಳಿಗೆ ಹಾಕುವ ಅಭ್ಯಾಸ ಒಳ್ಳೆಯದೇ, ಆದರೆ ಕಣ್ಣುಮುಚ್ಚಿ ಹಾಕುವಂತಿಲ್ಲ. ಪುಡಿ ಡಿಟರ್ಜೆಂಟುಗಳಲ್ಲಿ ಸೋಡಿಯಂ ಲವಣಗಳು ಹೆಚ್ಚು. ಅವು ಕಾಲಕ್ರಮದಲ್ಲಿ ಜೇಡಿಮಣ್ಣಿನ ರಚನೆಯನ್ನು ಕೆಡಿಸಿ ನೀರು ಇಂಗದಂತೆ ಮಾಡುತ್ತವೆ. ಬೋರಾನ್ ಇದ್ದರೆ ಎಲೆಗಳ ಅಂಚು ಸುಡುತ್ತದೆ. ಮೊದಲ ಒಗೆತದ ನೀರನ್ನು ಬಿಟ್ಟು ಕೊನೆಯ ಜಾಲಿಕೆಯ ನೀರನ್ನಷ್ಟೇ ಹಿಡಿದು, ಒಂದು ದಿನಕ್ಕಿಂತ ಹೆಚ್ಚು ಕೂಡಿಡದೆ, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಹಾಕದೆ, ಮರಗಳ ಬುಡಕ್ಕೆ ಜಾಗ ಬದಲಿಸುತ್ತಾ ಹಾಕಿದರೆ ತೊಂದರೆಯಿಲ್ಲ. ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದು ಇನ್ನೂ ಸುಲಭ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲಕ್ಕಿಂತ ಮೊದಲು ಹೇಳಬೇಕಾಗಿದ್ದ ಮಾತೊಂದು ಉಳಿದಿದೆ: ಒಗೆಯಬೇಕಾಗಿಲ್ಲದ ಬಟ್ಟೆಯನ್ನು ಒಗೆಯದಿರುವುದು. ಒಳಉಡುಪು, ಕಾಲುಚೀಲಗಳಿಗೆ ಈ ರಿಯಾಯಿತಿ ಇಲ್ಲ. ಆದರೆ ಎರಡು ಗಂಟೆ ತೊಟ್ಟು ಬಿಚ್ಚಿದ ಮೇಲುಡುಪು, ಜೀನ್ಸ್, ಸ್ವೆಟರುಗಳನ್ನು ಗಾಳಿಗೆ ಹರವಿ ಮತ್ತೆ ತೊಡಬಹುದು. ಉಣ್ಣೆಯಂತೂ ಗಾಳಿಯಲ್ಲೇ ವಾಸನೆಯನ್ನು ಬಿಟ್ಟುಕೊಡುವ ಗುಣದ್ದು. ಡ್ರಯರಿನ ಜಾಳಿಗೆಯಲ್ಲಿ ಸಿಗುವ ಜುಂಗು ನಮ್ಮ ಬಟ್ಟೆಯ ಮೈಯೇ. ಪ್ರತಿ ಒಗೆತದಲ್ಲೂ ಬಟ್ಟೆ ಇಷ್ಟಿಷ್ಟೇ ತೆಳುವಾಗುತ್ತದೆ. ಬಟ್ಟೆ ಬೇಗ ಸವೆದರೆ ಹೊಸದು ಬೇಕು, ಹೊಸದೊಂದನ್ನು ಬೆಳೆದು, ನೂತು, ಬಣ್ಣ ಹಾಕಲು ಹಿಡಿಯುವ ನೀರೂ ಶಕ್ತಿಯೂ ನಾವು ಒಗೆತದಲ್ಲಿ ಉಳಿಸಿದ್ದನ್ನು ನುಂಗಿಬಿಡುತ್ತವೆ.

ಉಪನ್ಯಾಸದ ಬಳಿಕ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುವುದು ಉಚಿತವೆನಿಸಿತು.

ಸೋಪೇ ಇಲ್ಲದೆ ಒಗೆಯುವ ಅಯಸ್ಕಾಂತದ ಚೆಂಡುಗಳು, ಸೆರಾಮಿಕ್ ಮೊಟ್ಟೆಗಳು ಕೆಲಸ ಮಾಡುತ್ತವೆಯೇ ಎಂದು ಒಬ್ಬರು ಕೇಳಿದರು. ಅವನ್ನು ಬಳಸಿದವರ ಬಟ್ಟೆ ಸ್ವಲ್ಪಮಟ್ಟಿಗೆ ಶುಚಿಯಾಗುವುದು ನಿಜ. ಬೆವರಿನ ಉಪ್ಪು, ಧೂಳು ಇವೆಲ್ಲ ಬರೀ ನೀರಿಗೇ ಹೋಗುವಂಥವು. ಹೊಗಳಿಕೆ ಸಲ್ಲಬೇಕಾದದ್ದು ನೀರಿಗೆ. ಜಿಡ್ಡಿನ ಮುಂದೆ ಆ ಚೆಂಡು ನಿಲ್ಲಲಾರದು. ಹಗುರ ಕೊಳೆಯ ಬಟ್ಟೆಗಳನ್ನು ಸೋಪಿಲ್ಲದೆ ನೀರಿನಲ್ಲಿ ಒಗೆಯಬೇಕೆನಿಸಿದರೆ ಧಾರಾಳವಾಗಿ ಒಗೆಯಿರಿ, ಅದಕ್ಕೆ ಚೆಂಡಿನ ಅಗತ್ಯವಿಲ್ಲ ಎಂದು ಉತ್ತರಿಸಿದೆ.

ಎರಡನೆಯವರದ್ದು ನಾನು ಆರಂಭದಲ್ಲಿ ಬದಿಗಿಟ್ಟ ಪ್ರಶ್ನೆ: ತಮ್ಮ ಮನೆಯ ಮೇಲ್ಬಾಗಿಲಿನ ಹಳೆಯ ಮೆಷಿನ್ ಇನ್ನೂ ಚೆನ್ನಾಗಿಯೇ ಓಡುತ್ತಿದೆ, ಪರಿಸರದ ದೃಷ್ಟಿಯಿಂದ ಅದನ್ನು ತೆಗೆದು ಮುಂಬಾಗಿಲಿನದನ್ನು ತರಬೇಕೇ? ಮೆಷಿನ್ನಿನಲ್ಲಿರುವ ಉಕ್ಕು, ತಾಮ್ರ, ಪ್ಲಾಸ್ಟಿಕ್ಕು, ಸಮತೋಲನಕ್ಕೆಂದು ಇಟ್ಟ ಭಾರ ಎಲ್ಲವೂ ಈಗಾಗಲೇ ಭೂಮಿಯಿಂದ ಪಡೆದದ್ದು. ತಣ್ಣೀರಿನಲ್ಲೇ ಒಗೆಯುವ ಮನೆಯಲ್ಲಿ ಹೊಸ ಮೆಷಿನ್ ಉಳಿಸುವ ವಿದ್ಯುತ್ ಅಲ್ಪ. ಹೆಚ್ಚಿಗೆ ಉಳಿಯುವುದು ನೀರು. ನೀರಿನ ಕೊರತೆ ತೀವ್ರವಾಗಿದ್ದರೆ, ಅಥವಾ ಸಂಶ್ಲೇಷಿತ ಬಟ್ಟೆಗಳೇ ಹೆಚ್ಚಿದ್ದರೆ ಬದಲಿಸುವುದಕ್ಕೆ ಅರ್ಥವಿದೆ. ಇಲ್ಲದಿದ್ದರೆ ಅದು ಕೆಡುವ ತನಕ ಓಡಲಿ, ಕೆಟ್ಟರೆ ರಿಪೇರಿಯಾಗಲಿ. ಕೊನೆಗೆ ಹೊಸದನ್ನು ಕೊಳ್ಳುವ ದಿನ ಬಂದಾಗ ಮಾರುವವರನ್ನು ಎರಡು ಪ್ರಶ್ನೆ ಕೇಳಿ: ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ, ಮತ್ತು ಡ್ರಮ್ಮು ಸರಾಗವಾಗಿ ತಿರುಗಲು ನೆರವಾಗುವ ಬೇರಿಂಗ್ ಹೋದರೆ ಅದೊಂದನ್ನೇ ಬದಲಿಸಬಹುದೇ ಅಥವಾ ಡ್ರಮ್ಮಿನ ಹೊರತೊಟ್ಟಿಯನ್ನು ಬಿಚ್ಚಲಾಗದಂತೆ ಬೆಸೆದುಬಿಟ್ಟಿದ್ದಾರೆಯೇ? ಯುರೋಪಿಯನ್ ಒಕ್ಕೂಟದ ನಿಯಮಗಳ ಪ್ರಕಾರ ವಾಷಿಂಗ್ ಮೆಷಿನ್ನುಗಳ ಮುಖ್ಯ ಬಿಡಿಭಾಗಗಳನ್ನು ತಯಾರಕರು ಕನಿಷ್ಠ 10 ವರ್ಷ ಒದಗಿಸಬೇಕು. ಬೆಸೆದ ತೊಟ್ಟಿಯಾದರೆ ಒಂದು ಸಣ್ಣ ಬೇರಿಂಗಿಗಾಗಿ ತೊಟ್ಟಿಯನ್ನು ಇಡಿಯಾಗಿ ಬದಲಿಸಬೇಕಾಗುತ್ತದೆ, ಮತ್ತು ಆ ಖರ್ಚನ್ನು ಕೇಳಿದವರು ಸಾಮಾನ್ಯವಾಗಿ ಮೆಷಿನ್ನನ್ನೇ ಗುಜರಿಗೆ ಕಳುಹಿಸುತ್ತಾರೆ.